ಕೂತಲ್ಲೇ ಸವೆದ ಚಪ್ಪಲಿ

ಬಸ್ ನಿಲ್ದಾಣದ ಬೆನ್ನಿಗಿರುವ ಓಣಿಯಲ್ಲಿ ಒಂದು ಚಪ್ಪಲಿ ರಿಪೇರಿ ಅಂಗಡಿ. ಅಂಗಡಿ ಅಂದರೆ ಮೂರು ಹೆಜ್ಜೆ ಅಗಲ, ನಾಲ್ಕು ಹೆಜ್ಜೆ ಉದ್ದ. ಒಳಗೆ ಬಂದವರು ತಿರುಗಬೇಕಾದರೆ ಮೊದಲು ಹೊರಗೆ ಹೋಗಿ ತಿರುಗಿಕೊಂಡು ಬರಬೇಕು ಎಂದು ಅದನ್ನು ನಡೆಸುವ ಹೆಂಗಸೇ ನಗೆಯಾಡುತ್ತಿದ್ದಳು. ಅಪ್ಪನಿಂದ ಕೈಗೆ ಬಂದ ಕಸುಬು. ಮೂವತ್ತು ವರ್ಷದಿಂದ ಊರಿನವರನ್ನೆಲ್ಲ ಕೆಳಗಿನಿಂದ ಓದಿದವಳು. ಯಾರ ಚಪ್ಪಲಿ ಕೊಟ್ಟರೂ ಮಗುಚಿ ಅಟ್ಟೆ ನೋಡಿ, "ಇವರು ಎಡಗೈಯಲ್ಲೇ ಭಾರ ಹೊರೋರು", "ಇವರ ಮನೆಗೆ ಮೆಟ್ಟಿಲು ಜಾಸ್ತಿ" ಅಂದುಬಿಡುತ್ತಿದ್ದಳು. ಬೇರೆಯವರು ಮುಖ ನೋಡಿ ಮಣೆ ಹಾಕಿದರೆ ಅವಳು ಅಟ್ಟೆ ನೋಡಿ ಹಾಕುತ್ತಿದ್ದಳು.

ಅಂಗಡಿಯ ಹಿಂಗೋಡೆಯ ಆಚೆಗೇ ನಿಲ್ದಾಣವಾದ್ದರಿಂದ ಅಲ್ಲಿಯ ಧ್ವನಿವರ್ಧಕ ಕೂಗಿದ್ದೆಲ್ಲ ಇಲ್ಲಿಗೂ ಕೇಳುತ್ತಿತ್ತು. ಆರು ವರ್ಷ ಆ ಕೂಗು ಅವಳ ಮಗಳದೇ ಆಗಿತ್ತು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, "ಹನ್ನೆರಡನೇ ನಂಬರು, ಹಳೇ ಸೇತುವೆ ಮಾರ್ಗ, ಮೂರನೇ ಪ್ಲಾಟ್‌ಫಾರಂ" ಎಂದು ಅವಳು ಹೇಳಿದರೆ ಸಿಡುಕಿನ ಮುಖದ ಪ್ರಯಾಣಿಕರೂ ಒಂದು ಗಳಿಗೆ ಮೆತ್ತಗಾಗುತ್ತಿದ್ದರು. ನಿಲ್ದಾಣದವರು ಅವಳನ್ನು ಮೈಕಮ್ಮ ಎಂದು ಕರೆದರು. ಹೆಸರು ಎಷ್ಟು ಅಂಟಿತೆಂದರೆ ಮನೆಯಲ್ಲೂ ಅದೇ ಆಯಿತು.

ಎಂಟು ತಿಂಗಳ ಹಿಂದೆ ಮೈಕಮ್ಮನಿಗೆ ತಾನು ಹೇಳದ ಮಾತೂ ಧ್ವನಿವರ್ಧಕದಲ್ಲಿ ಕೇಳತೊಡಗಿತು. ಯಾರೋ ಹೆಂಗಸಿನ ದನಿ, ಸಣ್ಣಗೆ, ಅಧಿಕಾರದಿಂದ. ಮೊದಮೊದಲು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಆ ದನಿ ಹೇಳಿದ್ದನ್ನೇ ಮೈಕಿನಲ್ಲಿ ಹೇಳಿಬಿಟ್ಟಳು: "ನಾಲ್ಕನೇ ಪ್ಲಾಟ್‌ಫಾರಂಗೆ ಒಂದು ವಿಶೇಷ ಬಸ್ಸು ಬರಲಿದೆ. ಮಕ್ಕಳಿರುವವರು ಮೊದಲು ಹತ್ತಬೇಕು." ನಲವತ್ತು ಜನ ಗಂಟುಮೂಟೆ, ಮಕ್ಕಳುಮರಿ ಕಟ್ಟಿಕೊಂಡು ಒಂದು ಗಂಟೆ ನಿಂತರು. ಬಸ್ಸು ಬರಲಿಲ್ಲ, ಅಂಥ ಬಸ್ಸೇ ಇರಲಿಲ್ಲ. ಅಂದು ಸಂಜೆ ಮೈಕಮ್ಮ ಮನೆಗೂ ಬರಲಿಲ್ಲ. ಎರಡು ದಿನ ಒಬ್ಬಳೇ ಊರೆಲ್ಲ ನಡೆದು ನಡೆದು, ಕಡೆಗೆ ಸೇತುವೆಯ ಆಚೆ ಸಿಕ್ಕಳು. ಆಸ್ಪತ್ರೆ, ಡಾಕ್ಟರಮ್ಮ, ಬಿಳೀ ಗುಳಿಗೆ ಎಲ್ಲ ಆಮೇಲೆ. ಗುಳಿಗೆ ಒಳ್ಳೆಯದೇ. ಎರಡು ತಿಂಗಳಲ್ಲಿ ದನಿ ಅಡಗಿತು, ಮಗಳಿಗೆ ನಿದ್ದೆ ಬಂತು, ತಾಯಿಗೂ ಬಂತು.

ಆದರೆ ಆಮೇಲೆ ಮನೆಯೊಳಗೆ ನಡಿಗೆ ಶುರುವಾಯಿತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಕೂತರೆ ಏಳುವಳು, ಎದ್ದರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಗುವಳು. ತಾಯಿಗೆ ಸೇತುವೆಯಾಚೆಯ ಆ ದಿನ ನೆನಪಾಯಿತು. ಕಾಯಿಲೆ ಬಂದದ್ದೇ ನಡಿಗೆಯ ಕಾಲಲ್ಲಿ ಅಲ್ಲವೇ? ಡಾಕ್ಟರಮ್ಮನ ಬಳಿ ಹೋದವಳೇ ಮಗಳಿಗೆ ಬಾಯಿ ತೆರೆಯಲೂ ಬಿಡದೆ, "ಮತ್ತೆ ನಡೆಯೋಕೆ ಹಿಡಿದಿದ್ದಾಳೆ, ಮತ್ತೆ ಅದೇ" ಅಂದಳು. ಡಾಕ್ಟರಮ್ಮ ಮಗಳನ್ನು ಕೇಳಿದರು. ಮಗಳು "ಏನಿಲ್ಲ" ಅಂದಳು. ಒಂದು ಗುಳಿಗೆ ಒಂದೂವರೆಯಾಯಿತು.

ನಡಿಗೆ ಇಳಿಯುವ ಬದಲು ಏರಿತು.

"ಅಂಡು ಸುಟ್ಟ ಬೆಕ್ಕಿನ ಹಾಗೆ ಆಡ್ತೀಯಲ್ಲೇ, ಒಂದು ಕಡೆ ಕೂತ್ಕೊಳ್ಳೇ ಮಾರಾಯ್ತಿ!" ಎಂದು ಚಿಕ್ಕಮ್ಮ ಗದರುವಳು. ಚಿಕ್ಕಮ್ಮ ಎಂದರೆ ತಾಯಿಯ ತಂಗಿ. ಅದೇ ಮನೆಯ ಮುಂಗೋಣೆಯಲ್ಲಿ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುವವಳು. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು.

"ಕೂತ್ಕೋತೀನಿ ಚಿಕ್ಕಮ್ಮ, ಅದಕ್ಕೇ ಎದ್ದೆ," ಎಂದು ಮೈಕಮ್ಮ ಇನ್ನೊಂದು ಸುತ್ತು ಹೊಡೆಯುವಳು.

ಅತ್ತ ನಿಲ್ದಾಣದ ಕಂಟ್ರೋಲರ್ ಸಾಹೇಬರು ತಮ್ಮ ಬೂಟಿಗೆ ಹಿಮ್ಮಡಿ ಹಾಕಿಸಲು ಬಂದವರು ಒಂದು ಮಾತು ಹೇಳಿ ಹೋದರು. ಎಂಟು ತಿಂಗಳಿಂದ ಮೈಕಿನಲ್ಲಿ ಅವರೇ ಕೂಗುತ್ತಿದ್ದರು. ದನಿ ಒಡೆದ ಮಡಕೆಗೆ ಕಲ್ಲು ತುಂಬಿ ಅಲ್ಲಾಡಿಸಿದ ಹಾಗೆ. "ನೋಡಮ್ಮ, ಮೈಕಮ್ಮನ ಕುರ್ಚಿಯಲ್ಲಿ ಬರೋ ತಿಂಗಳು ಕಳೆದು ಒಂದನೇ ತಾರೀಖಿನ ತನಕ ಇನ್ನೊಬ್ಬರನ್ನ ಕೂರಿಸೋಲ್ಲ. ಅದು ನನ್ನ ಮಾತು. ಆಮೇಲೆ ಮೇಲಿನವರು ಮಾತಾಡೋ ಯಂತ್ರ ತಂದಿಡ್ತಾರಂತೆ. ಅದಕ್ಕೆ ಸಂಬಳ ಬೇಡ, ಊಟ ಬೇಡ."

"ಬಸ್ಸು ಕೆಟ್ಟು ನಿಂತರೆ ಅದಕ್ಕೆ ಹೇಗೆ ಗೊತ್ತಾಗುತ್ತೆ ಸಾಹೇಬ್ರೇ?"

"ನನಗೇ ಗೊತ್ತಾಗಲ್ಲ, ಅದಕ್ಕೆ ಹೇಗೆ ಗೊತ್ತಾಗುತ್ತೆ? ಮೈಕಮ್ಮ ಬರಲಿ ಅಂತಲೇ ನನ್ನ ಆಸೆ. ಗಂಟಲು ಹರಿದುಹೋಗಿದೆ."

ಅಂದಿನಿಂದ ಏಳು ವಾರ ಇತ್ತು. ನಾಲ್ಕು ತಾಸು ಒಂದು ಗೂಡಿನಲ್ಲಿ ಕೂತು ಕೆಲಸ ಮಾಡಬೇಕಾದವಳು ನಾಲ್ಕು ನಿಮಿಷ ಚಹಾ ಕುಡಿಯಲೂ ಸುಮ್ಮನೆ ಕೂರುತ್ತಿರಲಿಲ್ಲ. ಕುಡಿಯುವಾಗಲೂ ಲೋಟದ ಚಹಾ ಅಲೆಯೇಳುತ್ತಿತ್ತು.

ಹೀಗಿರುವಾಗ ಒಂದು ಮಂಗಳವಾರ ಚಿಕ್ಕಮ್ಮ ಒಂದು ಚೀಲ ತಂದು ಅಂಗಡಿಯ ಹಲಗೆಯ ಮೇಲೆ ಸುರಿದಳು. "ಅಕ್ಕಾ, ನನ್ನ ಹೊಲಿಗೆ ಚಪ್ಪಲಿ ತೂತು ಬಿದ್ದಿದೆ. ಜೊತೆಗೆ ಮೈಕಮ್ಮನ ಮನೆ ಚಪ್ಪಲೀನೂ ಇದೆ. ಐದು ವಾರ ಆಗಿಲ್ಲ ಕೊಂಡು, ಅಷ್ಟರಲ್ಲೇ ಸವೆಸಿದ್ದಾಳೆ ನಿನ್ನ ಸುಪುತ್ರಿ. ಮನೆ ಬಾಗಿಲು ದಾಟಿಲ್ಲ, ಚಪ್ಪಲಿ ನೋಡಿದ್ರೆ ದೇಶ ಸುತ್ತಿದವಳ ಹಾಗಿದೆ!"

ತಾಯಿ ನಕ್ಕು ಎರಡು ಜೊತೆಯನ್ನೂ ಮಗುಚಿ ಪಕ್ಕಪಕ್ಕದಲ್ಲಿಟ್ಟಳು. ಅಂಟಿನ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತಳು.

ಚಿಕ್ಕಮ್ಮನ ಅಟ್ಟೆ ಹಿಮ್ಮಡಿಯಲ್ಲಿ ಹೊಸದರ ಹಾಗೇ ಇತ್ತು. ಮುಂಗಾಲಿನ ಉಬ್ಬಿನ ಕೆಳಗೆ, ಹೆಬ್ಬೆರಳ ಬುಡಕ್ಕೆ, ನಾಣ್ಯದಷ್ಟಗಲ ಸವೆದು ಬಟ್ಟೆ ಕಾಣುತ್ತಿತ್ತು. ವರ್ಷಗಟ್ಟಲೆ ಯಂತ್ರ ತುಳಿದವರ ಅಟ್ಟೆ ಹಾಗೇ ಸವೆಯುವುದು. ಮಗಳದ್ದೂ ಹಾಗೇ ಇತ್ತು. ಎರಡು ಕಾಲಿಗೂ ಅದೇ ಜಾಗ, ಅದೇ ಗುಂಡು. ಹಿಮ್ಮಡಿ ಮಾತ್ರ ಮುಟ್ಟಿದಂತಿರಲಿಲ್ಲ.

ಎಂಟು ತಿಂಗಳ ಹಿಂದೆ ಸೇತುವೆಯಾಚೆ ಸಿಕ್ಕ ದಿನ ಮಗಳ ಕಾಲಲ್ಲಿದ್ದ ಚಪ್ಪಲಿ ಅವಳಿಗೆ ನೆನಪಿತ್ತು. ಅವತ್ತು ಹಿಮ್ಮಡಿಯ ಹೊರ ಅಂಚು ಓರೆಯಾಗಿ ಕೊಯ್ದಂತೆ ಹೋಗಿತ್ತು. ದಾರಿ ನಡೆದವರ ಚಪ್ಪಲಿ ಹೋಗುವುದು ಹಾಗೆ.

"ಏನಕ್ಕಾ, ಗುಮ್ಮನ ಹಾಗೆ ನಿಂತೆ?"

"ಇದು ನಡೆದವಳ ಅಟ್ಟೆ ಅಲ್ಲ ಕಣೇ. ಇದು ಕೂತವಳ ಅಟ್ಟೆ. ಇವಳು ಕೂತಿದ್ದಾಗ್ಲೂ ನಿನ್ನ ಹಾಗೆ ತುಳೀತಾ ಇದ್ದಾಳೆ. ಯಂತ್ರ ಇಲ್ಲ, ಅಷ್ಟೇ."

"ಮೇಜಿನ ಕೆಳಗೆ ಕಾಲು ಆಡಿಸ್ತಾಳೆ, ಅದನ್ನ ನಾನೂ ನೋಡಿದ್ದೀನಿ. ಹೊಸ ಚಟ ಅಂದ್ಕೊಂಡೆ."

"ಚಟ ಆದ್ರೆ ಒಂದು ಕಾಲು ಆಡುತ್ತೆ. ಇದು ಎರಡೂ. ಐದು ವಾರಕ್ಕೆ ಒಂದು ಅಟ್ಟೆ ತಿಂದಿದೆ ಅಂದ್ರೆ ಹೊತ್ತು ಹುಟ್ಟಿ ಮುಳುಗೋ ತನಕ ಆಡಿರಬೇಕು." ತಾಯಿ ಕೈ ಒರೆಸಿಕೊಂಡಳು. ಊರಿಗೆಲ್ಲ ಅಟ್ಟೆ ನೋಡಿ ಹೇಳುವವಳು ಸ್ವಂತ ಮಗಳದ್ದನ್ನು ಒಂದು ಸಲ ತಿರುಗಿಸಿ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಮರುದಿನ ಡಾಕ್ಟರಮ್ಮನ ಕೋಣೆಯಲ್ಲಿ ಮೇಜಿನ ಮೇಲೆ, ತೂಕದ ಯಂತ್ರಕ್ಕೂ ಫೈಲುಗಳಿಗೂ ನಡುವೆ, ಎರಡು ಜೊತೆ ಚಪ್ಪಲಿ ಮಗುಚಿ ಮಲಗಿದವು.

"ಅಮ್ಮಾ," ಎಂದು ಮೈಕಮ್ಮ ಪಿಸುಗುಟ್ಟಿದಳು, "ಚಪ್ಪಲೀನ ಡಾಕ್ಟರ ಮೇಜಿನ ಮೇಲೆ ಇಡ್ತಾರೇನೇ?"

"ತೊಳೆದಿದ್ದೀನಿ."

ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ತಾಯಿ ತನ್ನ ಕಸುಬಿನ ಮಾತಿನಲ್ಲೇ, ದಾರಿ ನಡೆದವರದು ಎಲ್ಲಿ ಸವೆಯುತ್ತದೆ, ಯಂತ್ರ ತುಳಿದವರದು ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಡಾಕ್ಟರಮ್ಮ ಎರಡೂ ಅಟ್ಟೆಗಳ ಮೇಲೆ ತಾವೂ ಬೆರಳಾಡಿಸಿದರು. ಆಮೇಲೆ ಕುರ್ಚಿಯನ್ನು ಮಗಳ ಕಡೆ ತಿರುಗಿಸಿದರು.

"ಒಂದು ಪ್ರಶ್ನೆ. ಎದ್ದು ಓಡಾಡಬೇಕು ಅಂತ ಅನ್ನಿಸೋದು ಮನಸ್ಸಿಗಾ, ಕಾಲಿಗಾ?"

ಮೈಕಮ್ಮ ಆ ಪ್ರಶ್ನೆಗೇ ಕಾದು ಕೂತವಳಂತೆ ಥಟ್ಟನೆ ಹೇಳಿದಳು: "ಕಾಲಿಗೆ. ಮನಸ್ಸು ಕೂತ್ಕೋ ಕೂತ್ಕೋ ಅನ್ನುತ್ತೆ. ಕಾಲೊಳಗೆ ಇರುವೆ ಗೂಡು ಕಟ್ಟಿದ ಹಾಗೆ. ಅದುಮಿ ಹಿಡಿದಷ್ಟೂ ಜಾಸ್ತಿ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಒಂದು ನಿಮಿಷ ಹಾಯಿ."

"ದನಿ?"

"ಅದಿಲ್ಲವೇ ಇಲ್ಲ. ಅದು ಹೋಗಿ ಎಷ್ಟೋ ಕಾಲ ಆಯ್ತು."

"ಹೋದ ಸಲ ಇದನ್ನ ನನಗೆ ಯಾಕೆ ಹೇಳಲಿಲ್ಲ?"

ಮಗಳು ತಾಯಿಯ ಕಡೆ ಕಣ್ಣು ಹಾಯಿಸಿ ತಲೆ ತಗ್ಗಿಸಿದಳು. "ಹೇಳಿದ್ರೆ ಗುಳಿಗೆ ಜಾಸ್ತಿ ಮಾಡ್ತೀರ ಅಂತ."

"ಹೇಳದೇ ಇದ್ದಿದ್ದಕ್ಕೂ ಜಾಸ್ತಿ ಮಾಡಿದ್ನಲ್ಲ," ಎಂದರು ಡಾಕ್ಟರಮ್ಮ. ಮೂವರೂ ನಕ್ಕರು, ಆದರೆ ತಾಯಿಯ ನಗೆ ಅರ್ಧಕ್ಕೇ ನಿಂತಿತು. ಅದನ್ನು ಕಂಡೇ ಇರಬೇಕು, ಡಾಕ್ಟರಮ್ಮ ಹೇಳಿದರು: "ನೀವೊಬ್ಬರೇ ತಪ್ಪು ಹೊರಬೇಡಿ. ನಡೀತಾಳೆ ಅಂತ ನೀವು ಹೇಳಿದ್ರಿ, ಹಳೇ ಕಾಗದದಲ್ಲೂ ನಡಿಗೆ ಅಂತಲೇ ಬರೆದಿತ್ತು, ನಾನು ಎರಡನ್ನೂ ಕೂಡಿಸಿಬಿಟ್ಟೆ. ಈ ಗುಳಿಗೆಯಿಂದ ಕೆಲವರಿಗೆ ಹೀಗೆ ಕಾಲು ಕೂರೋಲ್ಲ. ಕಾಯಿಲೆಯ ಚಡಪಡಿಕೆಗೂ ಮದ್ದಿನ ಚಡಪಡಿಕೆಗೂ ಹೊರಗಿನಿಂದ ನೋಡಿದ್ರೆ ಒಂದೇ ವೇಷ. ಒಳಗಿರೋರನ್ನ ಕೇಳಬೇಕು. ಕೇಳೋ ರೀತಿಯಲ್ಲಿ ಕೇಳಬೇಕು."

ಆಮೇಲೆ ನಿಧಾನವಾಗಿ ಲೆಕ್ಕ ಹಾಕಿದರು. ಮೊದಲು ಒಂದೂವರೆಯಿಂದ ಒಂದಕ್ಕೆ. ಕಾಲಿಗೆಂದು ಸ್ವಲ್ಪ ದಿನಕ್ಕೆ ಇನ್ನೊಂದು ಚಿಕ್ಕ ಗುಳಿಗೆ. ಎರಡು ವಾರ ನೋಡಿ, ಬೇಕಾದರೆ ಇನ್ನೂ ಕೆಳಗೆ. "ಆದ್ರೆ ಕೆಳಗೆ ಇಳಿದ ಹಾಗೆ ಆ ದನಿ ಬಂದ್ರೂ ಬರಬಹುದು. ಬಂದ್ರೆ ಮುಚ್ಚಿಡಬಾರದು. ನೀನಾಗಿ ಹೇಳಬೇಕು. ಅಮ್ಮ ಚಪ್ಪಲಿ ಹಿಡ್ಕೊಂಡು ಬರೋ ತನಕ ಕಾಯಬೇಡ."

ದಾರಿಯಲ್ಲಿ ತಾಯಿ ಚೀಲವನ್ನು ಕೈಯಿಂದ ಕೈಗೆ ಬದಲಿಸುತ್ತ ನಡೆದಳು. ಕಡೆಗೆ, "ನಾನು ನಿನ್ನ ಕೇಳಲೇ ಇಲ್ಲ ಅಲ್ವಾ?" ಅಂದಳು.

"ಕೇಳ್ತಿದ್ದೆಯಲ್ಲ. ದಿನಕ್ಕೆ ಹತ್ತು ಸಲ. ಯಾಕೆ ನಡೀತೀಯಾ, ಯಾಕೆ ನಡೀತೀಯಾ ಅಂತ."

"ಅದು ಕೇಳೋದಲ್ಲ, ಗದರೋದು."

"ಗೊತ್ತಾಯ್ತಲ್ಲ ಬಿಡು," ಎಂದು ಮಗಳು ಅವಳ ಕೈಚೀಲವನ್ನು ಇಸಿದುಕೊಂಡಳು.

ಎರಡು ವಾರದಲ್ಲಿ ಇರುವೆಗಳು ಅರ್ಧ ಖಾಲಿಯಾದವು. ಡಾಕ್ಟರಮ್ಮ ಒಂದನ್ನು ಅರ್ಧ ಮಾಡಿದರು. ಗುಳಿಗೆಯ ನಡುವೆ ಗೆರೆ ಇತ್ತು. ಆದರೂ ಮುರಿದರೆ ಒಂದು ಚೂರು ದೊಡ್ಡದು, ಒಂದು ಚಿಕ್ಕದು. ಚಿಕ್ಕಮ್ಮ ಕತ್ತರಿ ಹಿಡಿದು ಬಂದಳು.

"ಚಿಕ್ಕಮ್ಮ, ಅದು ರವಿಕೆ ಬಟ್ಟೆ ಅಲ್ಲ!"

"ರವಿಕೆಯಾದ್ರೆ ಒಂದೆರಡು ನೂಲು ಆಚೀಚೆ ಆದ್ರೂ ನಡೆಯುತ್ತೆ. ಇಲ್ಲಿ ನಡೆಯುತ್ತೇನೇ? ಸುಮ್ಮನಿರು." ಒಂದೇ ಏಟಿಗೆ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದ ಹಾಗೆ ಕತ್ತರಿಸಿದಳು. ಅಂದಿನಿಂದ ಆ ಕತ್ತರಿಗೆ ಬಟ್ಟೆ ಮುಟ್ಟುವ ಭಾಗ್ಯ ತಪ್ಪಿತು.

ಅರ್ಧ ಗುಳಿಗೆಯ ಮೊದಲ ಎರಡು ವಾರ ಆ ಮನೆಗೆ ಬೆಳಕು ಬಂದಂತಾಯಿತು. ಮೈಕಮ್ಮ ಕೂತು ಉಂಡಳು. ಕೂತು ಪತ್ರಿಕೆ ಓದಿದಳು. ಚಿಕ್ಕಮ್ಮನ ಎದುರು ಮಣೆ ಹಾಕಿಕೊಂಡು ಗುಂಡಿ ಹೊಲಿದಳು. ಕಂಟ್ರೋಲರ್ ಸಾಹೇಬರ ದನಿಯಲ್ಲಿ "ಹನ್ನೆರಡನೇ ನಂಬರು" ಎಂದು ಅಣಕಿಸಿ ಇಬ್ಬರನ್ನೂ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದಳು. ತಾಯಿ ದಿನಗಳನ್ನು ಬೆರಳಲ್ಲಿ ಎಣಿಸಿ, ಒಂದನೇ ತಾರೀಖಿಗೆ ಇನ್ನು ಎರಡು ವಾರ ಚಿಲ್ಲರೆ ಎಂದುಕೊಂಡಳು. ಗೆದ್ದೆವು ಎಂದು ಬಾಯಿಬಿಟ್ಟು ಹೇಳಲಿಲ್ಲ, ಮನಸ್ಸಿನಲ್ಲಿ ಹೇಳಿಕೊಂಡಳು.

ಒಂದು ಮಧ್ಯಾಹ್ನ ಊಟದ ತಟ್ಟೆ ತೊಳೆಯುತ್ತ ಮಗಳು, ನೆಂಟರ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳಿದಳು: "ಅಮ್ಮ, ಆ ಯಮ್ಮ ಬಂದಿದ್ದಾಳೆ."

"ಯಾವ ಯಮ್ಮ?"

"ವಿಶೇಷ ಬಸ್ಸಿನ ಯಮ್ಮ. ನಿನ್ನೆಯಿಂದ. ನಲ್ಲಿ ನೀರು ಬಿಟ್ಟಾಗ ಅದರೊಳಗಿಂದ ಮಾತಾಡ್ತಾಳೆ. ದೂರದಲ್ಲಿ, ಪಕ್ಕದ ಮನೆ ರೇಡಿಯೋ ಹಾಗೆ."

ತಾಯಿ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು. "ಏನಂತಾಳೆ?"

"ಏನೂ ತಲೆ ಬುಡ ಇಲ್ಲ. ನಂಬರುಗಳು." ಮಗಳು ನಲ್ಲಿ ನಿಲ್ಲಿಸಿದಳು. "ಹೇಳು ಅಂದಿದ್ರಲ್ಲ ಡಾಕ್ಟರಮ್ಮ. ಹೇಳ್ದೆ."

ಯಾಕೆ, ಏನು, ನಿದ್ದೆ ಮಾಡಿದ್ದೀಯಾ, ಗುಳಿಗೆ ತಪ್ಪಿಸಿದೆಯಾ ಎಂದು ಹತ್ತು ಪ್ರಶ್ನೆ ತಾಯಿಯ ಗಂಟಲವರೆಗೆ ಬಂದವು. ಅವನ್ನೆಲ್ಲ ಹಾಗೇ ನುಂಗಿ, "ಹೇಳಿದ್ದು ಒಳ್ಳೇದಾಯ್ತು ಮಗಳೇ. ನಾಳೆ ಹೋಗೋಣ," ಅಂದಳು. ಅಂದವಳು ಹಿತ್ತಿಲಿಗೆ ಹೋಗಿ, ಒಣಗಿದ್ದ ಬಟ್ಟೆಯನ್ನೇ ಎರಡು ಸಲ ತಿರುವಿ ಹಾಕಿದಳು.

ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಅತ್ತ ದರಿ, ಇತ್ತ ಹುಲಿ ಅಂತಾರಲ್ಲ, ಹಾಗಿದೆ," ಎಂದರು. "ಮತ್ತೆ ಒಂದಕ್ಕೆ ಏರಿಸಿದ್ರೆ ದನಿ ನಿಲ್ಲುತ್ತೆ, ಕಾಲು ಏಳುತ್ತೆ. ಅರ್ಧದಲ್ಲೇ ಇದ್ರೆ ಕಾಲು ಕೂರುತ್ತೆ, ದನಿ ಬೆಳೆದ್ರೂ ಬೆಳೆಯಬಹುದು. ಬೇರೆ ಗುಳಿಗೆ ಇದೆ, ಅದಕ್ಕೆ ಬದಲಾಯಿಸಬಹುದು. ಹಳೇದು ಇಳಿಸಿ ಹೊಸದು ಏರಿಸೋಕೆ ಎರಡು ತಿಂಗಳು ಬೇಕು. ಅದು ನಿದ್ದೆ ತರುತ್ತೆ, ಹಸಿವು ತರುತ್ತೆ, ಮೈ ತುಂಬಿಸುತ್ತೆ."

"ಎರಡು ತಿಂಗಳು ಅಂದ್ರೆ ಅಷ್ಟರಲ್ಲಿ ಯಂತ್ರ ಬಂದು ಕೂತಿರುತ್ತೆ," ಎಂದಳು ಮೈಕಮ್ಮ. "ಅರ್ಧಕ್ಕೂ ಒಂದಕ್ಕೂ ಮಧ್ಯೆ ಇಲ್ವಾ?"

"ಮುಕ್ಕಾಲಿದೆ. ಕಡಿಮೆ ಶಕ್ತಿಯ ಗುಳಿಗೆಯಲ್ಲಿ ಲೆಕ್ಕ ಕೂಡಿಸಬಹುದು. ಆದ್ರೆ ಅದು ಮಧ್ಯದ ದಾರಿ. ಕಾಲೂ ಸ್ವಲ್ಪ ಕಾಟ ಕೊಡುತ್ತೆ, ದನಿಯೂ ಸ್ವಲ್ಪ ಉಳಿಯಬಹುದು."

"ಎರಡೂ ಚೂರು ಚೂರು."

"ಎರಡೂ ಚೂರು ಚೂರು. ದನಿ ಬರೋದಕ್ಕಿಂತ ನೀನು ಅದನ್ನ ನಂಬ್ತೀಯಾ ಅನ್ನೋದು ನನಗೆ ಮುಖ್ಯ. ನಂಬ್ತಿದ್ದೀಯಾ?"

"ಇಲ್ಲ. ಆ ಯಮ್ಮ ಒಂದು ನಂಬರಾದ್ರೂ ಸರಿಯಾಗಿ ಹೇಳಲ್ಲ. ನಮ್ಮ ನಿಲ್ದಾಣದಲ್ಲಿ ಇಲ್ಲದ ನಂಬರೆಲ್ಲ ಹೇಳ್ತಾಳೆ."

ಡಾಕ್ಟರಮ್ಮ ನಗು ತಡೆದುಕೊಂಡು ತಾಯಿಯ ಕಡೆ ನೋಡಿದರು. ಮಗಳೂ ನೋಡಿದಳು. "ಅಮ್ಮ, ನೀನೇನು ಹೇಳ್ತೀಯಾ?"

ತಾಯಿಗೆ ಒಂದೇ ಮಾತು ಗೊತ್ತಿತ್ತು: ಏರಿಸಿ. ದನಿ ಪೂರ್ತಿ ನಿಲ್ಲಲಿ. ಕಾಲು ಆಡಿದರೆ ಆಡಲಿ, ಕೆಲಸ ಹೋದರೆ ಹೋಗಲಿ, ಮಗಳು ಮನೆಯಲ್ಲಿರಲಿ. ಸೇತುವೆಯಾಚೆ ಕಂಡ ಮುಖ ಅವಳ ಕಣ್ಣಿಂದ ಇನ್ನೂ ಇಳಿದಿರಲಿಲ್ಲ. ಆ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು.

"ನನ್ನ ಕೇಳಿದ್ರೆ ಭಯ ಮಾತಾಡುತ್ತೆ," ಎಂದಳು. "ಏರಿಸಿ ಅನ್ನುತ್ತೆ. ಭಯದ ಮಾತು ಕೇಳಿ ಒಂದು ಸಲ ನಿನ್ನ ಕಾಲಿಗೆ ಇರುವೆ ಬಿಟ್ಟಿದ್ದೀನಿ. ನಿನ್ನ ಕಾಲು, ನಿನ್ನ ಕಿವಿ. ಯಾವುದನ್ನ ಎಷ್ಟು ತಡ್ಕೋಬಹುದು ಅಂತ ನಿನಗೇ ಗೊತ್ತು. ನೀನೇ ಹೇಳು ಮಗಳೇ."

ಮೈಕಮ್ಮ ಬಗ್ಗಿ ತನ್ನ ಪಾದಗಳನ್ನು ನೋಡಿದಳು. ಅವು ಸುಮ್ಮನಿದ್ದವು. "ಮುಕ್ಕಾಲು," ಎಂದಳು.

ಡಾಕ್ಟರಮ್ಮ ಬರೆದರು. ದನಿ ಹೀಗೆ ಮಾಡು ಹಾಗೆ ಮಾಡು ಎಂದು ಹೇಳತೊಡಗಿದರೆ, ಅದು ನಿಜವಿರಬಹುದು ಅನ್ನಿಸಿದರೆ, ಎರಡು ರಾತ್ರಿ ನಿದ್ದೆ ಬಾರದಿದ್ದರೆ, ಗಂಟೆ ನೋಡದೆ ಫೋನು ಮಾಡಬೇಕು ಎಂದು ಹಾಳೆಯ ಕೆಳಗೆ ದಪ್ಪಕ್ಷರದಲ್ಲಿ ಬರೆದು ಗೆರೆ ಎಳೆದರು. ಹಾಳೆಯನ್ನು ತಾಯಿಯ ಕೈಗೆ ಕೊಡದೆ ಮಗಳ ಕೈಗೆ ಕೊಟ್ಟರು.

ಮುಕ್ಕಾಲು ಗುಳಿಗೆ ಹೇಳಿದ ಹಾಗೇ ನಡೆದುಕೊಂಡಿತು. ಹತ್ತು ದಿನದಲ್ಲಿ ಆ ಯಮ್ಮ ನಲ್ಲಿಯೊಳಗಿಂದ ದೂರ ಸರಿದಳು. ಸಂಜೆ ಮೈಕಮ್ಮ ದಣಿದಿದ್ದರೆ ಮಾತ್ರ ಒಂದೆರಡು ನಂಬರು ಕೂಗಿ ಹೋಗುವಳು. ಕಾಲು ಒಂದು ತಾಸು ಸುಮ್ಮನಿದ್ದು ಆಮೇಲೆ ಏಳೋಣವೇ ಎಂದು ಕೇಳುವುದು.

ಒಂದನೇ ತಾರೀಖಿಗೆ ಎರಡು ದಿನ ಇರುವಾಗ ಮೈಕಮ್ಮ ತಾನೇ ಹೋಗಿ ಕಂಟ್ರೋಲರ್ ಸಾಹೇಬರ ಮುಂದೆ ನಿಂತಳು. ಏನು ಮಾತಾಯಿತೆಂದು ಅಂದು ಸಂಜೆ ಸಾಹೇಬರೇ ಅಂಗಡಿಗೆ ಬಂದು ವರದಿ ಒಪ್ಪಿಸಿದರು.

"ನಿಮ್ಮ ಮಗಳು ಬಂದ ತಕ್ಷಣ ಹುಕುಂ ಹೊರಡಿಸಿದಳು ಕಣಮ್ಮ. ಬೆಳಗಿನ ಪಾಳಿ ಮಾತ್ರ ಅಂತೆ, ಸಂಜೆ ಬೇಡವಂತೆ. ಕುರ್ಚಿ ಜೊತೆಗೆ ಎತ್ತರದ ಮೇಜು ಬೇಕಂತೆ, ನಿಂತು ಹೇಳೋಕೆ. ಸರಿ, ಉಗ್ರಾಣದಲ್ಲಿ ಒಂದಿದೆ, ಕೊಟ್ಟೆ. ಮೂರನೇದು ಕೇಳಿ: ನಾನು ಕೈಯಾರೆ ಬರೆದು ಸಹಿ ಮಾಡಿದ ಚೀಟಿ ಇಲ್ದೆ ಒಂದು ಮಾತೂ ಮೈಕಿನಲ್ಲಿ ಹೇಳಲ್ಲವಂತೆ. ನನ್ನ ಅಕ್ಷರ ನನಗೇ ಓದೋಕಾಗಲ್ಲ, ನೀನು ಓದ್ತೀಯೇನಮ್ಮ ಅಂದೆ. ಏನಂದಳು ಗೊತ್ತಾ?"

"ಏನಂದಳು?"

"ಒಂಬತ್ತು ತಿಂಗಳು ಡಾಕ್ಟರ ಅಕ್ಷರ ಓದಿದವಳು ಸಾರ್, ನಿಮ್ಮದು ಅಚ್ಚಿನ ಹಾಗೆ ಕಾಣುತ್ತೆ ಅಂದಳು!" ಸಾಹೇಬರು ಮಡಕೆಯೊಳಗಿನ ಕಲ್ಲುಗಳನ್ನೆಲ್ಲ ಅಲ್ಲಾಡಿಸಿಕೊಂಡು ನಕ್ಕರು.

ಒಂದನೇ ತಾರೀಖು ಬೆಳಗ್ಗೆ ಮೈಕಮ್ಮ ತಲೆ ಬಾಚಿಕೊಂಡು, ಗುಳಿಗೆ ನುಂಗಿ, ಹೊರಟಳು. "ಅಮ್ಮ, ನಿಲ್ದಾಣಕ್ಕೆ ಬಂದು ಗಾಜಿನಾಚೆ ನಿಂತ್ಕೋಬೇಡ ಮತ್ತೆ. ಮಗುವನ್ನ ಮೊದಲ ದಿನ ಶಾಲೆಗೆ ಬಿಟ್ಟ ಹಾಗಿರುತ್ತೆ."

"ನಾನ್ಯಾಕೆ ಬರಲಿ? ನನಗೇನು ಕೆಲಸ ಇಲ್ವಾ?" ಎಂದು ತಾಯಿ ಜಬರ್ದಸ್ತಿನಿಂದಲೇ ಹೇಳಿದಳು. ಆದರೆ ಅಂಗಡಿಗೆ ಎಂದಿಗಿಂತ ಅರ್ಧ ತಾಸು ಮುಂಚೆ ಹೋಗಿ, ಹಿಂಗೋಡೆಗೆ ಬೆನ್ನು ಹಚ್ಚಿ ಕೂತಳು. ಚಿಕ್ಕಮ್ಮನೂ ಹೊಲಿಗೆ ಬಿಟ್ಟು ಬಂದು, ಯಾವುದೋ ಹಳೇ ಬಾರು ಹುಡುಕುವ ನೆಪ ಮಾಡಿಕೊಂಡು ನಿಂತಳು.

ಧ್ವನಿವರ್ಧಕ ಮೊದಲು ಕೆಮ್ಮಿತು. ಆಮೇಲೆ ದನಿ ಬಂತು. "ಹನ್ನೆರಡನೇ ನಂಬರು, ಹಳೇ ಸೇತುವೆ ಮಾರ್ಗ, ಮೂರನೇ ಪ್ಲಾಟ್‌ಫಾರಂ." ಮೊದಲಿನಷ್ಟು ನಯವಾಗಿರಲಿಲ್ಲ, ಗುಳಿಗೆಯಿಂದ ಬಾಯಿ ಒಣಗುವುದರಿಂದ ಮಾತಿನ ನಡುವೆ ನಾಲಿಗೆ ಅಂಟಿದ ಸದ್ದಿತ್ತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹುಡುಗಿಗೆ ಯಾರಾದ್ರೂ ಒಂದು ಲೋಟ ನೀರು ಕೊಡಬಾರದಾ?" ಎಂದು ನಿಲ್ದಾಣದವರ ಮೇಲೆ ಹರಿಹಾಯ್ದಳು.

ಒಂದೊಂದು ಕೂಗಿಗೂ ತಾಯಿ ಗೋಡೆಯ ಗಡಿಯಾರ ನೋಡಿದಳು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಅವಳಿಗೆ ಬಾಯಿಪಾಠ. ಒಂಬತ್ತೂವರೆಯದು ಬಂತು. ಹತ್ತೂಕಾಲಿನದು ಬಂತು. ಹತ್ತೂಮುಕ್ಕಾಲಿನದು ಬರಲಿಲ್ಲ. ಒಂದು ನಿಮಿಷ. ಎರಡು. ಕೈಯಲ್ಲಿದ್ದ ದಬ್ಬಳ ತೊಗಲಿನೊಳಗೆ ಅರ್ಧ ಇಳಿದು ನಿಂತಿತು. ಐದನೇ ನಿಮಿಷಕ್ಕೆ ಎದ್ದೇಬಿಟ್ಟಳು. ಒಂದು ಕಾಲು ಅಂಗಡಿಯ ಹೊರಗಿತ್ತು.

"ಅಕ್ಕಾ," ಎಂದಳು ಚಿಕ್ಕಮ್ಮ, "ಬರಬೇಡ ಅಂದಿದ್ದಾಳೆ."

ತಾಯಿ ಹೊಸ್ತಿಲ ಮೇಲೆ ಹಾಗೇ ನಿಂತಳು. ಆಗ ದನಿ ಬಂತು: "ಪ್ರಯಾಣಿಕರ ಗಮನಕ್ಕೆ. ಏಳನೇ ನಂಬರು, ಗಿರಣಿ ಮಾರ್ಗ, ಗಾಲಿ ಪಂಕ್ಚರ್ ಆಗಿರುವುದರಿಂದ ಇಪ್ಪತ್ತು ನಿಮಿಷ ತಡವಾಗಿ ಹೊರಡಲಿದೆ."

ತಾಯಿ ಒಳಗೆ ಬಂದು ಕೂತು, ನೀರಿನ ತಂಬಿಗೆ ಎತ್ತಿ ಗಟಗಟ ಕುಡಿದಳು.

ಹನ್ನೊಂದೂವರೆಗೆ ಮೈಕಮ್ಮ ಹದಿನೈದು ನಿಮಿಷದ ಬಿಡುವಿನಲ್ಲಿ ಓಡಿಬಂದಳು; ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ತಾಯಿ ಕೊಟ್ಟ ಬೇಯಿಸಿದ ಮೊಟ್ಟೆ ತಿಂದಳು.

"ಕಾಲು?"

"ಒಂದು ತಾಸು ಕೂತೆ, ಒಂದು ತಾಸು ನಿಂತೆ. ಮೇಜು ಸರಿಯಾಗಿದೆ."

ತಾಯಿ ಮುಂದಿನದನ್ನು ಕೇಳಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ಮಗಳೇ ಹೇಳಿದಳು: "ಆ ಯಮ್ಮನೂ ಒಂದು ಸಲ ಬಂದಿದ್ದಳು. ಪಂಕ್ಚರ್ ಚೀಟಿ ಬರೋ ತನಕ ಕಾಯ್ತಾ ಇದ್ನಲ್ಲ, ಆಗ. ತೊಂಬತ್ತೊಂಬತ್ತನೇ ನಂಬರು ಅಂದಳು. ಚೀಟಿ ಎಲ್ಲಮ್ಮಾ ತಾಯಿ, ಸಹಿ ಇದೆಯಾ ಅಂದೆ. ಹೋದಳು."

ಚಿಕ್ಕಮ್ಮ ಕೊನೆಗೂ ಸಿಕ್ಕ ಹಳೇ ಬಾರನ್ನು ಅಲ್ಲೇ ಬಿಸಾಕಿ, "ಅಯ್ಯೋ ನನ್ನ ಮೈಕಮ್ಮನೇ!" ಎಂದು ಅವಳ ಗಲ್ಲ ಹಿಂಡಿದಳು. ಮೊಟ್ಟೆಯ ಚೂರು ಮೂವರ ಮೇಲೂ ಬಿತ್ತು.

ಆ ದಿನ ಪಾಳಿ ಮುಗಿಯಿತು. ಮರುದಿನದ್ದೂ ಮುಗಿಯಿತು. ಎಲ್ಲ ದಿನವೂ ಒಂದೇ ಹದದಲ್ಲಿ ಇರಲಿಲ್ಲ. ಎರಡನೇ ವಾರ ಕಾಲಿನ ಇರುವೆ ಹೆಚ್ಚಾಗಿ, ಕಾಲಿಗೆಂದು ಕೊಟ್ಟಿದ್ದ ಚಿಕ್ಕ ಗುಳಿಗೆಯನ್ನು ಮತ್ತೆ ಕೆಲವು ದಿನ ಮುಂದುವರಿಸಿದರು. ಒಂದು ಗುರುವಾರ ನಿದ್ದೆ ಕೆಟ್ಟು, ಮೈಕಮ್ಮ ತಾನೇ ಡಾಕ್ಟರಮ್ಮನಿಗೆ ಫೋನು ಮಾಡಿ, ತಾನೇ ರಜೆ ಹಾಕಿ ಮಲಗಿದಳು. ಶುಕ್ರವಾರ ಮತ್ತೆ ಹೋದಳು.

ಮೂರನೇ ವಾರದ ಒಂದು ಬೆಳಗ್ಗೆ ತಾಯಿಯ ಮುಂದೆ ಒಂದು ಕಷ್ಟದ ಕೆಲಸ ಬಂತು. ನಡುವಯಸ್ಸಿನ ಒಬ್ಬ ಗಿರಾಕಿಯ ಹಳೆಯ ಬೂಟು; ತೊಗಲು ಕಾಗದದ ಹಾಗೆ ತೆಳುವಾಗಿತ್ತು. ಬಿಗಿದು ಹೊಲಿದರೆ ಹರಿಯುವುದು, ಸಡಿಲ ಬಿಟ್ಟರೆ ಬಾಯಿ ತೆರೆಯುವುದು. ಅವಳು ದಾರಕ್ಕೆ ಮೇಣ ತೀಡಿ, ಒಂದೊಂದೇ ಹೊಲಿಗೆಯನ್ನು ಕೈಯಲ್ಲಿ ತೂಗಿ ನೋಡಿ ಹಾಕುತ್ತ ಹೋದಳು. ಗಿರಾಕಿ ಬರಿಗಾಲಲ್ಲಿ ಮುಂದಿನ ಕಲ್ಲಿನ ಮೇಲೆ ಕೂತು, ಅವಸರದಿಂದ ಕತ್ತು ಚಾಚುತ್ತಿದ್ದ.

"ಅಕ್ಕಾ, ಈಗ ಮೈಕಿನಲ್ಲಿ ಹೇಳಿದ್ದು ಯಾವ ಬಸ್ಸು?"

"ಯಾವಾಗ ಹೇಳಿದ್ರು?"

"ಈಗ ತಾನೇ ಹೇಳಿದ್ರಲ್ಲ, ಎರಡು ಸಲ! ಅದಕ್ಕೂ ಮೊದಲು ಇನ್ನೊಂದು ಹೇಳಿದ್ರು. ನನ್ನದು ಏಳನೇ ನಂಬರು. ಇಷ್ಟು ಹತ್ತಿರ ಕೂತಿದ್ದೀರ, ಕೇಳಿಸಲಿಲ್ವಾ?"

ತಾಯಿ ತಲೆಯೆತ್ತಿ ಗಡಿಯಾರ ನೋಡಿದಳು. ಹತ್ತು ದಾಟಿ ಎಷ್ಟೋ ಹೊತ್ತಾಗಿತ್ತು. ಬೆಳಗ್ಗಿನಿಂದ ಎಷ್ಟು ಬಸ್ಸು ಹೋದವೋ, ಒಂದರ ಲೆಕ್ಕವೂ ಅವಳ ಬಳಿ ಇರಲಿಲ್ಲ.

"ಇಲ್ಲಪ್ಪ," ಎಂದಳು, ಅವಳಿಗೇ ಆಶ್ಚರ್ಯವಾಗಿ. "ನಾನು ಕೇಳಿಸಿಕೊಳ್ತಾ ಇರಲಿಲ್ಲ."

"ಸರಿಹೋಯ್ತು," ಎಂದು ಗಿರಾಕಿ ಗೊಣಗಿದ.

ತಾಯಿ ನಗುತ್ತ ಮುಂದಿನ ಹೊಲಿಗೆ ಹಾಕಿದಳು.